ವರ್ಷಕ್ಕೊಂದು ದಿನ ವೇಷ ಹಾಕಿದರೆ ಸಂಸ್ಕೃತಿ ಉಳಿಯುತ್ತಾ?

‘ಜಾಗತೀಕರಣ ಬಂತು, ನಮ್ಮತನ ಹೋಯ್ತು’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹೊರಗಿನದು ಬಂದ ಮಾತ್ರಕ್ಕೆ ಒಳಗಿನದು ಸಾಯುವುದಿಲ್ಲ. ದಿನಬಳಕೆಯಲ್ಲಿ ಅದಕ್ಕೆ ಕೆಲಸ ಇಲ್ಲದಂತಾದಾಗ ಸೊರಗುತ್ತದೆ. ವರ್ಷಕ್ಕೊಮ್ಮೆ ವೇಷ ಹಾಕಿ ಸ್ಟೇಟಸ್ ಹಾಕಿದರೆ ಆ ಕೆಲಸ ಸಿಗುವುದಿಲ್ಲ. (ಫೋಟೋ ಚೆನ್ನಾಗಿ ಬರುತ್ತೆ, ಅದು ಬೇರೆ ಮಾತು.)

ಬ್ರಿಟನ್ನಿನ ಒಂದು ಭಾಗವಾದ ವೇಲ್ಸ್ ನೋಡಿ. ಪಕ್ಕದಲ್ಲೇ ಇಂಗ್ಲೆಂಡ್. ವೆಲ್ಷ್ ಭಾಷೆಗೆ ಒಂದು ಟೀವಿ ಚಾನೆಲ್ ಬೇಕು ಅಂತ ಜನ ವರ್ಷಗಟ್ಟಲೆ ಹೋರಾಡಿದರು. ಕೊಡುತ್ತೇವೆ ಅಂದಿದ್ದ ಮಾರ್ಗರೆಟ್ ಥ್ಯಾಚರ್ ಅವರ ಪಕ್ಷ ಬ್ರಿಟನ್ನಿನಲ್ಲಿ ಅಧಿಕಾರಕ್ಕೆ ಬಂದಮೇಲೆ ಮಾತು ತಪ್ಪಿತು. 1980ರಲ್ಲಿ ಗ್ವಿನ್‌ವೋರ್ ಎವಾನ್ಸ್ ಎಂಬ ಹಿರಿಯ ರಾಜಕಾರಣಿ ಆಮರಣ ಉಪವಾಸ ಕೂರುತ್ತೇನೆ ಅಂದರು. ಉಪವಾಸ ಶುರುವಾಗುವ ಮುಂಚೆಯೇ ಸರ್ಕಾರ ಮಣಿಯಿತು. 1982ರ ನವೆಂಬರ್‌ನಲ್ಲಿ ಎಸ್‌4ಸಿ ಚಾನೆಲ್ ಬಂತು. ತಮಾಷೆ ಅಂದ್ರೆ, ಆ ಚಾನೆಲ್‌ಗಾಗಿ ಮಾಡಿದ ಒಂದು ಕರಡಿ ಕಾರ್ಟೂನ್ ಆಮೇಲೆ ಅಮೆರಿಕದ ಡಿಸ್ನಿ ಚಾನೆಲ್‌ಗೂ ಹೋಯಿತು! ಜಾಗತೀಕರಣ ಎರಡೂ ದಿಕ್ಕಿಗೆ ಓಡುತ್ತೆ ಅಲ್ವಾ, ನಮ್ಮ ಹತ್ತಿರ ಕಳಿಸೋಕೆ ಏನಾದರೂ ಇದ್ದರೆ.

ಅದೇ 1982ರಲ್ಲಿ ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳು ತಮ್ಮದೇ ಶಿಶುವಿಹಾರ ಶುರುಮಾಡಿದರು. ಶಾಲೆಯಲ್ಲಿ ಮಾವೊರಿ ಮಾತಾಡಿದ್ದಕ್ಕೆ ಏಟು ತಿಂದವರು ತಮ್ಮ ಮಕ್ಕಳಿಗೆ ಆ ಭಾಷೆಯೇ ಬೇಡ ಅಂದಿದ್ದರು. ಹಾಗಾಗಿ ಅಜ್ಜ ಅಜ್ಜಿಯರೇ ಪುಟಾಣಿಗಳ ಜೊತೆ ಕೂತರು. ಊಟ, ಆಟ, ಹಠ, ಗದರಿಕೆ ಎಲ್ಲ ಮಾವೊರಿಯಲ್ಲೇ. ಐದೇ ವರ್ಷದಲ್ಲಿ, 1987ಕ್ಕೆ, ಅದು ಅಧಿಕೃತ ಭಾಷೆಯಾಯಿತು.

ಹಾಗಂತ ‘ನಮ್ಮ ಸಂಸ್ಕೃತಿ’ ಅಂದಕೂಡಲೇ ತಲೆಯಾಡಿಸೋಕೆ ನಾನು ತಯಾರಿಲ್ಲ. ಆ ಹೆಸರಲ್ಲಿ ಮನೆಯ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರೂ ಇದ್ದಾರೆ. ಸಾಂಸ್ಕೃತಿಕ ವೈವಿಧ್ಯದ ಬಗ್ಗೆ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 2001ರಲ್ಲಿ ಹೊರಡಿಸಿದ ಘೋಷಣೆ ಇದನ್ನ ಮೊದಲೇ ಯೋಚಿಸಿದೆ. ಸಾಂಸ್ಕೃತಿಕ ವೈವಿಧ್ಯದ ನೆಪ ಹೇಳಿ ಯಾರೂ ಮಾನವ ಹಕ್ಕು ಕಸಿಯುವಂತಿಲ್ಲ ಅಂತ ಅದರ 4ನೇ ವಿಧಿಯಲ್ಲೇ ಇದೆ. ಸಂಸ್ಕೃತಿ ರಕ್ಷಕರು ಈ ವಿಧಿಯನ್ನ ಮಾತ್ರ ಜಾಸ್ತಿ ನೆನೆಸಿಕೊಳ್ಳುವುದಿಲ್ಲ.

ಈಗಿನ ತಲೆನೋವು ಬೇರೆ. ಎವಾನ್ಸ್ ಎದುರಿಗೆ ಕೇಳೋಕೆ ಒಂದು ಸರ್ಕಾರವಾದರೂ ಇತ್ತು. ಇವತ್ತು ಮಗು ಮುಂದೆ ಯಾವ ಭಾಷೆಯ ವಿಡಿಯೋ ನೋಡಬೇಕು ಅನ್ನೋದನ್ನ ಆಪ್ ತೀರ್ಮಾನಿಸುತ್ತೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಒಂದು ನಿಯಮ ತಂದಿತು: ಸ್ಟ್ರೀಮಿಂಗ್ ಕಂಪನಿಗಳ ಪಟ್ಟಿಯಲ್ಲಿ ಕನಿಷ್ಠ ಶೇ 30ರಷ್ಟು ಯುರೋಪಿನ ಸಿನಿಮಾ, ಕಾರ್ಯಕ್ರಮಗಳೇ ಇರಬೇಕು, ಅದೂ ಕಣ್ಣಿಗೆ ಬೀಳುವ ಹಾಗೆ. ನನಗೆ ಹಿಡಿಸಿದ್ದು ಆ ಕೊನೆಯ ಷರತ್ತು. ಸುಮ್ನೆ ಮೂಲೆಯಲ್ಲಿ ಸೇರಿಸಿ ಲೆಕ್ಕ ತೋರಿಸಿದರೆ ಆಗದು. ಉಳಿದ ದೇಶಗಳೂ ಇದನ್ನ ಗಟ್ಟಿಯಾಗಿ ಕೇಳಬೇಕು.