ನೆರೆ ಹಾನಿಯ ವಿಮೆಗೆ ವಕೀಲರು ಬೇಕೇಬೇಕಾ?

"ನೆರೆಗೆ ಮನೆ ಹಾಳಾದರೆ ವಕೀಲರಿಲ್ಲದೆ ವಿಮೆ ಹಣ ಸಿಗಲ್ಲ, ಬಂದದ್ದರಲ್ಲಿ ಪಾಲು ಕೊಟ್ಟರೆ ಸಾಕು" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು.

ಕ್ಲೇಮ್ ಅರ್ಜಿಯನ್ನು ನೀವೇ ಕೊಡಬಹುದು. ತಡ ಮಾಡದೆ ಕಂಪನಿಗೆ ತಿಳಿಸಿ. ನೀರು ಇಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತೆ ಅಲ್ವಾ? ತೊಳೆಯುವ ಮೊದಲೇ ಅದರ ಫೋಟೋ ತೆಗೆದಿಡಿ. ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಅಂತ, ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್‌ಗೆ ಅದೇ ಹೇಳುತ್ತದೆ.

ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮೆ ಕಂಪನಿಗಳ ಮೇಲಿನ ದೂರು ಬಗೆಹರಿಸುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನಲ್ಲೂ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ದೂರು ಕೇಳುತ್ತಾರೆ, ಶುಲ್ಕವಿಲ್ಲ. ಅಲ್ಲಿ ವಕೀಲರ ಮೂಲಕ ದೂರು ಕೊಡುವಂತೆಯೇ ಇಲ್ಲ.

ಗ್ರಾಹಕ ಆಯೋಗಕ್ಕೆ ಹೋದರೆ ವಕೀಲರ ನೆರವು ಒಳ್ಳೆಯದೇ. ಆದರೆ ಗೆದ್ದ ಹಣದಲ್ಲಿ ವಕೀಲರು ಪಾಲು ಕೇಳುವುದಕ್ಕೆ, ವಕೀಲರಿಗೆ ನಿಯಮ ರೂಪಿಸುವ ಬಾರ್ ಕೌನ್ಸಿಲ್‌ನ ನಿಯಮ ಒಪ್ಪುವುದಿಲ್ಲ.