ಒತ್ತೆಯ ಬಟ್ಟೆಯ ಮೇಲೆ ಮಲಗಿದವರು

ಪಶ್ಚಿಮ ಏಷ್ಯಾದಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ತಪ್ಪದೆ ಬರುತ್ತದೆ. ಬೈಬಲಿನ ಪ್ರವಾದಿ ಯೆಹೆಜ್ಕೇಲನು ಹೇಳಿದ ಶತ್ರು ಗೋಗನೆಂದರೆ ಇಂಥ ದೇಶ, ಪ್ರವಾದಿ ದಾನಿಯೇಲನು ದರ್ಶನದಲ್ಲಿ ಕಂಡ ಮೃಗವೆಂದರೆ ಇಂಥ ನಾಯಕ ಎಂದು ಅದರಲ್ಲಿ ಯಾರೋ ಭೂಪಟ ಹಿಡಿದು ವಿವರಿಸುತ್ತಿರುತ್ತಾರೆ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಮಳೆ ಎಷ್ಟು ಕೊಳಗ, ಬೆಳೆ ಹೇಗೆ ಎಂದು ಕೇಳಿಸಿಕೊಳ್ಳುವಂತೆ ನಾವು ಪ್ರವಾದಿಗಳನ್ನು ಕೇಳಿಸಿಕೊಳ್ಳುತ್ತಿದ್ದೇವೆ. ಇದರಲ್ಲಿ ಒಂದು ಅನುಕೂಲವಿದೆ: ಆರೋಪಿ ಯಾವಾಗಲೂ ದೂರದ ದೇಶದವನಾಗಿರುತ್ತಾನೆ.

ಅದೇ ಬೈಬಲಿನ ಪ್ರವಾದಿ ಆಮೋಸನನ್ನು ಓದಿದರೆ ಈ ಅನುಕೂಲ ಉಳಿಯುವುದಿಲ್ಲ. ಅವನು ದಕ್ಷಿಣದ ಯೂದಾಯ ರಾಜ್ಯದ ತೆಕೋವದಲ್ಲಿ ಕುರಿ ಸಾಕಿಕೊಂಡು, ಅತ್ತಿಮರಗಳನ್ನು ನೋಡಿಕೊಂಡಿದ್ದವನು. ಕ್ರಿ.ಪೂ. 8ನೇ ಶತಮಾನದಲ್ಲಿ, ಎರಡನೇ ಯಾರೊಬ್ಬಾಮನು ಆಳುತ್ತಿದ್ದಾಗ, ಉತ್ತರದ ಇಸ್ರಾಯೇಲ್ ರಾಜ್ಯದ ಪುಣ್ಯಕ್ಷೇತ್ರವಾದ ಬೇತೇಲಿಗೆ ಹೋಗಿ ಮಾತನಾಡಿದನು. ಅದು ಸುಭಿಕ್ಷದ ಕಾಲ. ಆ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದ ಅಗೆತದಲ್ಲಿ ದಂತದ ಕೆತ್ತನೆಯ ತುಣುಕುಗಳು ಸಿಕ್ಕಿವೆ. ಎಣ್ಣೆ, ಹಳೆಯ ದ್ರಾಕ್ಷಾರಸಗಳ ಲೆಕ್ಕ ಬರೆದಿಟ್ಟ ಮಡಕೆಚೂರುಗಳೂ 1910ರಲ್ಲಿ ಸಿಕ್ಕಿವೆ. ದಂತದ ಮಂಚದ ಮೇಲೆ ಒರಗಿಕೊಂಡವರನ್ನು ಆಮೋಸನು ಜರೆದದ್ದು ಬರೀ ಅಲಂಕಾರದ ಮಾತಲ್ಲ.

ಆ ಜನರಿಗೆ ಭಕ್ತಿ ಕಡಿಮೆಯಿತ್ತೆಂದು ಅವನು ಎಲ್ಲಿಯೂ ದೂರುವುದಿಲ್ಲ. ಹಬ್ಬಗಳಿದ್ದವು, ಬಲಿಗಳಿದ್ದವು, ಹಾಡಿಗೂ ಕೊರತೆಯಿರಲಿಲ್ಲ. ಆದರೆ ವ್ಯಾಪಾರ ಮಾಡಬಾರದ ವಿಶ್ರಾಂತಿಯ ಸಬ್ಬತ್ ದಿನ ಯಾವಾಗ ಮುಗಿದೀತು, ಗೋದಿಯ ಕಣಜ ಯಾವಾಗ ತೆರೆಯೋಣ ಎಂದು ವ್ಯಾಪಾರಿಗಳ ಮನಸ್ಸು ಚಡಪಡಿಸುತ್ತಿತ್ತು. ಧಾನ್ಯ ಅಳೆದು ಕೊಡುವ ಕೊಳಗ ಕಿರಿದಾಗಿತ್ತು, ಬೆಳ್ಳಿ ತೂಗಿ ಪಡೆಯುವ ತೂಕದ ಕಲ್ಲು ಹಿರಿದಾಗಿತ್ತು. (ಪ್ರಾರ್ಥನೆಯ ನಡುವೆ ಜೇಬಿನಲ್ಲಿ ಮೊಬೈಲ್ ಗುನುಗುಟ್ಟಿದಾಗ ನನಗೆ ಈ ವಚನ ನೆನಪಾಗುತ್ತದೆ.) ಆಮೋಸನೂ ಮುಂದಾಗುವುದನ್ನು ಹೇಳಿದನು, ನಿಜ, ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರದವರ ಕೈಯಲ್ಲಿ ಆ ರಾಜ್ಯ ಅಳಿದೂ ಹೋಯಿತು. ಆದರೆ ಅವನು ಓದಿದ್ದು ನಕ್ಷತ್ರಗಳನ್ನಲ್ಲ, ಅಂಗಡಿಯ ತಕ್ಕಡಿಯನ್ನು.

ಅವನ ಆರೋಪಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಅಧ್ಯಾಯದ ಒಂದು ಸಾಲು: ಒತ್ತೆಯಾಗಿ ತೆಗೆದುಕೊಂಡ ಬಟ್ಟೆಗಳನ್ನು ಹಾಸಿಕೊಂಡು ಅವರು ಪ್ರತಿಯೊಂದು ಬಲಿಪೀಠದ ಪಕ್ಕದಲ್ಲಿ ಮಲಗುತ್ತಾರೆ. ಬಡವನ ಮೇಲುಹೊದಿಕೆಯನ್ನು ಒತ್ತೆಯಿರಿಸಿಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂತಿರುಗಿಸಬೇಕು, ಅವನಿಗೆ ಹೊದ್ದುಕೊಳ್ಳಲು ಬೇರೇನಿದೆ ಎಂದು ಬೈಬಲಿನ ವಿಮೋಚನಕಾಂಡದ ಧರ್ಮಶಾಸ್ತ್ರ ಕೇಳುತ್ತದೆ. ಅಂದರೆ ಸಾಲ ಕೊಟ್ಟದ್ದೇ ಅಪರಾಧವಲ್ಲ. ಸಾಲಗಾರನಿಗೆ ಆ ರಾತ್ರಿ ಚಳಿಯಾಗುತ್ತದೆಂಬುದನ್ನು ಮರೆತದ್ದು ಅಪರಾಧ. 2025ರ ಆರಂಭದಲ್ಲಿ ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ತರಬೇಕಾಗಿ ಬಂದಾಗ, ಮನೆಬಾಗಿಲಿಗೆ ಬಂದು ಕೂರುವ ವಸೂಲಿಗಾರರ ಸುದ್ದಿಗಳನ್ನು ಓದುತ್ತ ನಾನು ಈ ಸಾಲಿಗೇ ಮರಳಿದೆ.

ಆದರೆ ಇಲ್ಲಿಯೂ ಆರೋಪಿ ಬೇರೆಯವನೇ. ಹಾಗಾಗಿ ನನ್ನದನ್ನೂ ಹೇಳಬೇಕು. ಎರಡು ವರ್ಷಗಳ ಹಿಂದೆ ನಾವು ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸಿದೆವು. ಒಂದು ಗೋಡೆಯ ಗಾರೆ ಸರಿಯಾಗಿಲ್ಲವೆಂಬ ನೆಪದಿಂದ ಮೇಸ್ತ್ರಿಯ ಕೊನೆಯ ಕಂತನ್ನು ನಾನು ಮೂರು ತಿಂಗಳು ತಡೆದೆ. ಗಾರೆ ಸರಿಯಿರಲಿಲ್ಲ, ಅದು ಸುಳ್ಳಲ್ಲ. ಆದರೆ ತಡೆಹಿಡಿದ ಮೊತ್ತಕ್ಕೂ ಆ ದೋಷಕ್ಕೂ ಸಂಬಂಧವಿರಲಿಲ್ಲ, ಹಣ ನನ್ನ ಕೈಯಲ್ಲಿದ್ದುದರಿಂದ ತಡೆದೆ, ಅಷ್ಟೆ. ಆ ಮೂರು ತಿಂಗಳಲ್ಲಿ ಗೃಹಪ್ರವೇಶದ ಪ್ರಾರ್ಥನೆಯೂ ಊಟವೂ ಸಾಂಗವಾಗಿ ನಡೆದವು. ಅನ್ಯಾಯದಿಂದ ಮೇಲಿನ ಕೋಣೆಗಳನ್ನು ಕಟ್ಟಿಸಿಕೊಂಡು, ನೆರೆಯವನಿಂದ ಕೂಲಿಯಿಲ್ಲದೆ ದುಡಿಸಿಕೊಳ್ಳುವವನ ಗತಿಯನ್ನು ಏನು ಹೇಳಲಿ ಎಂದು ಪ್ರವಾದಿ ಯೆರೆಮೀಯನು ಯೂದಾಯದ ಅರಸ ಯೆಹೋಯಾಕೀಮನಿಗೆ ಹೇಳಿದ ಮಾತನ್ನು ನಾನು ಆ ಹೊಸ ಕೋಣೆಯಲ್ಲಿಯೇ ಕುಳಿತು ಓದಿದೆ.

1960ರಲ್ಲಿ ಇಸ್ರೇಲಿನ ಯವ್ನೆ ಪಟ್ಟಣದ ಸಮೀಪದ ಕಡಲತೀರದ ಕೋಟೆಯೊಂದರಲ್ಲಿ ಕ್ರಿ.ಪೂ. 7ನೇ ಶತಮಾನದ ಹೀಬ್ರೂ ಬರಹವುಳ್ಳ ಮಡಕೆಚೂರು ದೊರೆಯಿತು. ಅದು ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಕೊಟ್ಟ ಅರ್ಜಿ: ನನ್ನ ಪಾಲಿನ ಕೊಯ್ಲನ್ನು ಮುಗಿಸಿ ದಾಸ್ತಾನು ಮಾಡಿದ್ದೇನೆ, ಆದರೂ ಶೋಬಾಯನ ಮಗನಾದ ಹೋಶಾಯಾಹು ನನ್ನ ಬಟ್ಟೆಯನ್ನು ಕಿತ್ತುಕೊಂಡು ಹೋದನು, ಜೊತೆಯಲ್ಲಿ ಕೊಯ್ದವರು ಸಾಕ್ಷಿ ಹೇಳುತ್ತಾರೆ, ದಯವಿಟ್ಟು ಕೊಡಿಸಿ. ಅರ್ಜಿ ಕೊಟ್ಟವನ ಹೆಸರು ಅದರಲ್ಲಿಲ್ಲ. ಬಟ್ಟೆ ಕಿತ್ತುಕೊಂಡವನ ಹೆಸರು ಮಾತ್ರ, ಅಪ್ಪನ ಹೆಸರಿನ ಸಮೇತ, ಇಂದಿಗೂ ಓದಲು ಸಿಗುತ್ತದೆ.