ನಳಿಕೆ ಉದ್ದವಾದಷ್ಟೂ ವೇಗ ಏರುವುದಿಲ್ಲ
ಬಂದೂಕಿನ ನಳಿಕೆ ಇಮ್ಮಡಿಯಾದರೆ ಗುಂಡಿನ ವೇಗವೂ ಇಮ್ಮಡಿಯಾಗುತ್ತದೆ ಎಂಬ ಲೇಖನದ ಮಾತನ್ನು ಒಪ್ಪಲಾರೆ. ಗುಂಡನ್ನು ತಳ್ಳುವ ಅನಿಲದ ಒತ್ತಡ ಕೊನೆಯವರೆಗೂ ಒಂದೇ ಸಮ ಇದ್ದರೂ ಇಮ್ಮಡಿಯಾಗುವುದು ಚಲನಶಕ್ತಿ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ವೇಗ ಏರುವುದು 1.41 ಪಟ್ಟು ಮಾತ್ರ. ವಾಸ್ತವದಲ್ಲಿ ಅಷ್ಟೂ ಸಿಗುವುದಿಲ್ಲ, ಗುಂಡು ಮುಂದೆ ಸರಿದಂತೆ ಅನಿಲ ಹಿಗ್ಗಿ ಒತ್ತಡ ಕುಸಿಯುತ್ತದೆ. ನಾನು ಅಭ್ಯಾಸ ಮಾಡುವ .22 (ಸುಮಾರು 0.22 ಅಂಗುಲ ದಪ್ಪದ ಗುಂಡಿನ) ರೈಫಲ್ಲನ್ನೇ ನೋಡಿ. ಕಿರುಬೆರಳಿಗಿಂತ ಸಣ್ಣದಾದ ಆ ತೋಟಾದಲ್ಲಿರುವುದು ಒಂದು ಚಿಟಿಕೆ ಮದ್ದು. ಸುಮಾರು 16ರಿಂದ 19 ಅಂಗುಲದೊಳಗೆ ಅದರ ಬಲ ತೀರುತ್ತದೆ. ಆಮೇಲೆ ಸೀಸದ ಗುಂಡು ನಳಿಕೆಗೆ ಉಜ್ಜಿ ವೇಗ ತುಸು ಇಳಿಯುತ್ತದೆ! ಸ್ಪರ್ಧೆಯ ರೈಫಲ್ಲುಗಳಲ್ಲಿ ಉದ್ದ ನಳಿಕೆ ಕಾಣುವುದು ವೇಗಕ್ಕಲ್ಲ, ಗುರಿ ಹಿಡಿಯಲು ನೋಡುವ ಹಿಂದುಮುಂದಿನ ಗುರಿಕಣ್ಣುಗಳ ಅಂತರ ಹೆಚ್ಚಿ ಗುರಿ ನಿಖರವಾಗಲೆಂದು. ಲೇಖಕರು ದಯವಿಟ್ಟು ಆ ಸಾಲನ್ನು ತಿದ್ದಬೇಕು.